ಮುಚ್ಚಬಾರದ ಹೊಲಿಗೆ

"ಮೊಳೆ ಉಗುಳಿ ಊಟಕ್ಕೆ ಕೂರೇ," ಎಂದರು ಅತ್ತೆ.

ಸೊಸೆ ತಟ್ಟೆಯಿಂದ ತಲೆಯೆತ್ತಿದಳು. "ಯಾವ ಮೊಳೆ?"

"ಎಡಗಡೆ ದವಡೇಲಿ ಒತ್ತಿಟ್ಕೊಂಡಿದೀಯಲ್ಲ, ಅದು. ಕೆಲಸ ಕೆಳಗಡೆ ಇರ್ಲಿ. ಊಟದ ಜಾಗಕ್ಕೂ ತರಬೇಡ."

ಅತ್ತೆ ಹೀಗೆ ಅಂದುಕೊಂಡದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದು ಸೋಫಾ ಕಟ್ಟುವವರ ಮನೆ. ಕೆಳಗೆ ಅಂಗಡಿ, ಮೇಲೆ ಸಂಸಾರ. ಬಾಯಿ ತುಂಬ ಚಿಕ್ಕ ಮೊಳೆಗಳನ್ನು ಹಾಕಿಕೊಂಡು, ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಂದು, ಎರಡೂ ಕೈ ಖಾಲಿ ಇಟ್ಟುಕೊಂಡು ಬಟ್ಟೆ ಎಳೆದು ಹೊಡೆಯುವುದು ಮಾವನ ಪದ್ಧತಿ. ಮದುವೆಯಾಗಿ ಬಂದ ಹೊಸದರಲ್ಲೇ ಸೊಸೆಗೂ ಅದನ್ನು ಕಲಿಸಿದ್ದರು. ಮಗನಿಗೆ ಕಲಿಸಲು ಹೋಗಿ ಅವನು ಒಂದು ಮೊಳೆ ನುಂಗಿದ ಮೇಲೆ ಆ ಆಸೆ ಬಿಟ್ಟಿದ್ದರು.

ಸೊಸೆ ಬಾಯಿ ಅಗಲಿಸಿ ತೋರಿಸಿದಳು. ಅತ್ತೆ ಕನ್ನಡಕ ಏರಿಸಿ ಇಣುಕಿದರು. ಮೊಳೆ ಇರಲಿಲ್ಲ. ಆದರೆ ಕೆನ್ನೆಯ ಉಬ್ಬು ಇದ್ದಲ್ಲೇ ಇತ್ತು. ಅತ್ತೆ ಹೆಬ್ಬೆರಳಿನಿಂದ ಒತ್ತಿದರು. ಗಟ್ಟಿ. ಒಂದು ಕಡೆ ಮಾತ್ರ ತಗಡಿನ ಡಬ್ಬಿಯ ಮುಚ್ಚಳದ ಹಾಗೆ ಒಳಗೆ ಹೋಗಿ ಮತ್ತೆ ಹೊರಗೆ ಬಂತು.

"ನೋವಿದ್ಯಾ?"

"ಇಲ್ಲ."

"ಇಷ್ಟು ಊದಿದೆ, ನೋವಿಲ್ಲ ಅಂತೀಯಲ್ಲ."

"ಇಲ್ಲದ ನೋವನ್ನ ಎಲ್ಲಿಂದ ತರ್ಲಿ ಅತ್ತೆ?"

ಅತ್ತೆ ಸೊಸೆಯರ ಮಾತು ಸಾಮಾನ್ಯವಾಗಿ ಈ ಧಾಟಿಯಲ್ಲೇ ನಡೆಯುತ್ತಿತ್ತು. ಉಪ್ಪು ಹೆಚ್ಚಾಯಿತು, ನೂಲಿನ ಚೂರು ಮೆಟ್ಟಿಲ ಮೇಲೆ ಬಿದ್ದಿದೆ, ಒದ್ದೆ ಟವೆಲನ್ನು ಗಿರಾಕಿಯ ಕುರ್ಚಿಯ ಮೇಲೆ ಹಾಕಿದ್ದು ಯಾರು. ಇಬ್ಬರೂ ಸೋಲುವವರಲ್ಲ. ನಡುವೆ ಸಿಕ್ಕ ಗಂಡ, ಅಂದರೆ ಮಗ, ತಟ್ಟೆ ಹಿಡಿದು ಕೆಳಗೆ ಅಂಗಡಿಗೆ ಹೋಗಿ ಉಣ್ಣುವುದನ್ನು ರೂಢಿ ಮಾಡಿಕೊಂಡಿದ್ದ. ಅವತ್ತು ಮಾತ್ರ ಅವನು ಏಳಲಿಲ್ಲ. "ನಾಳೆ ಹಲ್ಲಿನ ಡಾಕ್ಟರ ಹತ್ತಿರ ಹೋಗೋಣ," ಎಂದ.

ಹಲ್ಲಿನ ಡಾಕ್ಟರು ಒಂದು ಎಕ್ಸ್‌ರೇ ತೆಗೆಸಿ, ಅದನ್ನು ನೋಡಿ, ಏನೂ ಹೇಳದೆ ದೊಡ್ಡ ಆಸ್ಪತ್ರೆಯ ದವಡೆ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ಏನೂ ಹೇಳದಿದ್ದದ್ದೇ ಎಲ್ಲರ ನಿದ್ದೆ ಕೆಡಿಸಿತು. ಅಂಗಡಿಗೆ ಬೀಗ ಹಾಕಿ ನಾಲ್ವರೂ ಹೊರಟರು.

ದವಡೆ ಡಾಕ್ಟರು ಕುಳ್ಳಗಿನ ಹೆಂಗಸು. ಮಾತು ಚುಟುಕು. ಎಕ್ಸ್‌ರೇಯನ್ನು ಬೆಳಕಿನ ಹಲಗೆಗೆ ಸಿಕ್ಕಿಸಿದರು. ಕಿವಿಯಿಂದ ಕಿವಿಗೆ ಇರುವ ದವಡೆಯನ್ನು ಅಲ್ಲಿ ಬಿಚ್ಚಿ ಹಾಸಿದಂತೆ ತೆಗೆದಿದ್ದರು. ಮಾವನಿಗೆ ಅದು ಹೊಲಿಗೆ ಬಿಚ್ಚಿ ಮೇಜಿನ ಮೇಲೆ ಹರವಿದ ಕುಶನ್ ಕವರಿನಂತೆ ಕಂಡಿತು. ಬಲಗಡೆ ಎಲ್ಲ ಬೂದುಬಣ್ಣದ ಮೂಳೆ, ಸಾಲಾಗಿ ಹಲ್ಲು. ಎಡಗಡೆ ಹಿಂಭಾಗದಲ್ಲಿ ಕೋಳಿಮೊಟ್ಟೆಯಷ್ಟು ದೊಡ್ಡ ಕಪ್ಪು. ಆ ಕಪ್ಪಿನ ತಳದಲ್ಲಿ, ದವಡೆಯ ಕೆಳ ಅಂಚಿಗೆ ತಾಗಿಕೊಂಡು, ಒಂದು ಹಲ್ಲು ಅಡ್ಡ ಮಲಗಿತ್ತು.

"ಅದು ಅಲ್ಲಿಗೆ ಹೇಗೆ ಹೋಯ್ತು?" ಎಂದ ಗಂಡ.

"ತಾನಾಗಿ ಹೋಗಿಲ್ಲ, ತಳ್ಳಿಸ್ಕೊಂಡು ಹೋಗಿದೆ," ಎಂದರು ಡಾಕ್ಟರು. "ಅದು ಬುದ್ಧಿಹಲ್ಲು. ಪ್ರತಿ ಹಲ್ಲೂ ಮೂಳೆಯೊಳಗೆ ಒಂದು ಪುಟ್ಟ ಚೀಲದಲ್ಲಿ ಬೆಳೆಯುತ್ತೆ. ಹಲ್ಲು ಹೊರಗೆ ಬಂದ್ರೆ ಚೀಲದ ಕೆಲಸ ಮುಗೀತು. ಇವರದು ಬರಲೇ ಇಲ್ಲ. ಚೀಲ ಉಳ್ಕೊಂಡು ಒಳಗೆ ನೀರು ತುಂಬ್ತಾ ಹೋಯ್ತು. ನೀರು ಒತ್ತಿದಷ್ಟೂ ಮೂಳೆ ಕರಗಿ ಜಾಗ ಬಿಟ್ಟಿದೆ. ವರ್ಷಗಟ್ಟಲೆ ನಡೆದಿರೋದು ಇದು."

"ವರ್ಷಗಟ್ಟಲೆ? ಸುಮ್ಮನೆ?" ಎಂದರು ಅತ್ತೆ.

"ಸುಮ್ಮನೆ. ನೋವು ಕೊಡದೇ ಇರೋದ್ರಿಂದಲೇ ಇಷ್ಟು ದೊಡ್ಡದಾಗೋದು."

ಅತ್ತೆ ಸೊಸೆಯ ಮುಖ ನೋಡಿದರು. ದಿನಾ ಎದುರಿಗೆ ಕೂತು ಉಂಡವಳು, ದಿನಾ ಮಾತಿಗೆ ಮಾತು ಕೊಟ್ಟವಳು. ಆ ಮಾತಾಡುವ ದವಡೆಯೊಳಗೇ ಇಂಥದ್ದೊಂದು ಸದ್ದಿಲ್ಲದೆ ಬೆಳೆಯುತ್ತಿತ್ತು ಎಂದು ನೆನೆದು ಅವರು ಕುರ್ಚಿಯನ್ನು ಸೊಸೆಯ ಹತ್ತಿರಕ್ಕೆ ಎಳೆದುಕೊಂಡರು.

ಮಾವ ಮುಂದೆ ಬಾಗಿದರು. "ಮೊಳೆಯಿಂದ ಆಯ್ತೇನಮ್ಮಾ? ಬಾಯಲ್ಲಿ ಮೊಳೆ ಇಡೋದನ್ನ ಕಲಿಸಿದ್ದು ನಾನು."

"ಮೊಳೆಗೂ ಇದಕ್ಕೂ ಸಂಬಂಧ ಇಲ್ಲ. ಆದ್ರೂ ಬಾಯಲ್ಲಿ ಮೊಳೆ ಇಡಬೇಡಿ."

ಮಾವನಿಗೆ ಮೊದಲ ವಾಕ್ಯ ಮಾತ್ರ ಕೇಳಿಸಿತು. ಅವರು ಉಸಿರು ಬಿಟ್ಟರು.

"ಇನ್ನೊಂದು ಮಾತಿದೆ," ಎಂದರು ಡಾಕ್ಟರು. "ನೀರಿನ ಚೀಲ ಅಂತ ನಾನು ನೋಡಿ ಹೇಳ್ತಿರೋದು. ಎಕ್ಸ್‌ರೇಯಲ್ಲಿ ಹೀಗೇ ಕಾಣೋ ಗೆಡ್ಡೆ ಒಂದಿದೆ. ಅದು ಕ್ಯಾನ್ಸರ್ ಅಲ್ಲ, ಆದ್ರೆ ಮೂಳೇನ ತಿನ್ಕೊಂಡು ಹೋಗುತ್ತೆ. ಸ್ವಲ್ಪ ಬಿಟ್ರೂ ಮತ್ತೆ ಬರುತ್ತೆ. ಚೀಲ ಆದ್ರೆ ದವಡೆ ಉಳಿಸ್ಕೊಳ್ಳೋಕೆ ದಾರಿ ಇದೆ. ಗೆಡ್ಡೆ ಆದ್ರೆ ಸುತ್ತಲಿನ ಒಳ್ಳೆ ಮೂಳೇನೂ ಸೇರಿಸಿ ಕತ್ತರಿಸಬೇಕು. ಆಮೇಲೆ ಕಾಲಿಂದ ಮೂಳೆ ತಂದು ಕೂರಿಸೋದು."

"ಎಷ್ಟು ಕತ್ತರಿಸ್ತೀರಿ?" ಎಂದು ಕೇಳಿದಳು ಸೊಸೆ.

ಡಾಕ್ಟರು ತಮ್ಮದೇ ದವಡೆಯ ಮೇಲೆ ಬೆರಳಿಟ್ಟು, ಕಿವಿಯ ಕೆಳಗಿನಿಂದ ಗದ್ದದ ಹತ್ತಿರದವರೆಗೆ ಎಳೆದು ತೋರಿಸಿದರು.

ಅವತ್ತೇ ಒಸಡು ಮರಗಟ್ಟಿಸಿ, ಸೂಜಿಯಿಂದ ತೆಳು ಹಳದಿ ನೀರು ಎಳೆದು, ಚೀಲದ ಗೋಡೆಯ ಒಂದು ಚೂರನ್ನು ಪರೀಕ್ಷೆಗೆ ಕಳಿಸಿದರು. ಫಲಿತಾಂಶಕ್ಕೆ ಒಂದು ವಾರ ಕಾಯಬೇಕು.

ಆ ವಾರ ಮನೆಯಲ್ಲಿ ಎಲ್ಲರೂ ಎಲ್ಲರ ಮೇಲೂ ರೇಗಿದರು. ಒಂದು ಸಿನಿಮಾ ಮಂದಿರದ ಸೀಟುಗಳಿಗೆ ಹೊಸ ಕವರು ಹೊಲಿಯುವ ಕೆಲಸ ಬಂದಿತ್ತು. ಸೊಸೆ ಮಷೀನು ಬಿಟ್ಟು ಏಳುತ್ತಿರಲಿಲ್ಲ.

"ಸ್ವಲ್ಪ ಮಲಕ್ಕೋಬಾರ್ದಾ?" ಎಂದ ಗಂಡ.

"ಮಲಗಿದ್ರೆ ಡಾಕ್ಟ್ರು ಬೆರಳೆಳೆದು ತೋರಿಸಿದ್ದೇ ಕಣ್ಣಿಗೆ ಬರುತ್ತೆ. ಹೊಲೀತಾ ಇದ್ರೆ ಹೊಲಿಗೆ ಕಾಣುತ್ತೆ."

ಮೇಲಿನಿಂದ ಅತ್ತೆ ಬಟ್ಟಲು ತಂದಿಟ್ಟರು. ಆಲೂಗಡ್ಡೆ ಬೇಯಿಸಿ ಹಾಲು ಹಾಕಿ ಕಿವುಚಿದ್ದು. ಬೆಳಗ್ಗೆಯೂ ಅದೇ ಆಗಿತ್ತು.

"ನನಗೆ ಹಲ್ಲಿದೆ ಅತ್ತೆ. ಇನ್ನೂ ಯಾರೂ ತೆಗೆದಿಲ್ಲ."

"ಡಾಕ್ಟ್ರು ಮೆತ್ತಗಿರೋದು ತಿನ್ನು ಅಂದಿದಾರೆ. ಮೂಳೆ ಮೊಟ್ಟೆ ಸಿಪ್ಪೆ ಥರ ಆಗಿದೆಯಂತೆ. ಗಟ್ಟಿ ಕಚ್ಚಿದ್ರೆ ಮುರಿಯುತ್ತಂತೆ. ತಿನ್ನು."

"ಉಪ್ಪೇ ಇಲ್ಲ."

"ಮೊನ್ನೆ ಹೆಚ್ಚಾಯ್ತು ಅಂದೆ. ಇವತ್ತು ಇಲ್ಲ ಅಂತೀಯ. ನಿನ್ನ ನಾಲಿಗೆಗೆ ಹೇಗೆ ಅಳತೆ ಮಾಡ್ಲಿ ನಾನು?"

ಹೀಗೆ ಬೈದು ಮೇಲೆ ಹೋದ ಅತ್ತೆ ಉಪ್ಪಿನ ಡಬ್ಬಿ ಹಿಡಿದು ಮತ್ತೆ ಕೆಳಗಿಳಿದರು. ಮಂಡಿನೋವಿಗೆ ದಿನಕ್ಕೊಂದು ಸಲ ಮಾತ್ರ ಮೆಟ್ಟಿಲು ಹತ್ತಿಳಿಯುವುದೆಂದು ಹಟ ಹಿಡಿದಿದ್ದವರು ಅವರು.

ಫಲಿತಾಂಶ ಬಂತು. ಚೀಲವೇ, ಗೆಡ್ಡೆ ಅಲ್ಲ. ಗಂಡ ಆಸ್ಪತ್ರೆಯ ಬೆಂಚಿನ ಮೇಲೆ ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಮಾವ ಅಲ್ಲೇ ಮನಸ್ಸಿನಲ್ಲಿ ಕೆಲಸದ ಲೆಕ್ಕ ಹಾಕಿ ಮುಗಿಸಿದರು.

"ಹಾಗಾದ್ರೆ ಇವತ್ತೇ ಬಿಚ್ಚಿ, ಚೀಲ ತೆಗೆದು, ಹೊಲಿದುಬಿಡಿ."

"ಈಗ ತೆಗೆಯೋಕೆ ಹೋದ್ರೆ ದವಡೆ ಮುರಿಯುತ್ತೆ," ಎಂದರು ಡಾಕ್ಟರು. "ತುಟಿಗೂ ಗದ್ದಕ್ಕೂ ಹೋಗೋ ನರ ಚೀಲಕ್ಕೆ ಅಂಟ್ಕೊಂಡಿದೆ. ಅದಕ್ಕೆ ಪೆಟ್ಟಾದ್ರೆ ಎಡಗಡೆ ತುಟಿಗೆ ಸ್ಪರ್ಶ ಹೋಗುತ್ತೆ. ಅದಕ್ಕೇ ಮೊದಲು ಒಸಡಿನಿಂದ ಚೀಲಕ್ಕೆ ಒಂದು ಕಿಂಡಿ ತೆರೆದು, ಅದು ಮುಚ್ಚದ ಹಾಗೆ ಸಣ್ಣ ನಳಿಗೆ ಇಡ್ತೀನಿ. ದಿನಾ ಅದರೊಳಗೆ ಉಪ್ಪುನೀರು ಬಿಟ್ಟು ತೊಳೀಬೇಕು. ಒಳಗಿನ ಒತ್ತಡ ಹೋದ್ರೆ ಚೀಲ ಕುಗ್ಗುತ್ತೆ, ಮೂಳೆ ಬೆಳೆಯುತ್ತೆ. ಚಿಕ್ಕದಾದ ಮೇಲೆ ಪೂರ್ತಿ ತೆಗೆಯೋಣ. ಕೆಲವು ತಿಂಗಳ ಕೆಲಸ."

"ಒಳಗೆ ಏನು ತುಂಬ್ತೀರಿ?" ಎಂದರು ಮಾವ.

"ಏನೂ ತುಂಬಲ್ಲ."

"ಅಷ್ಟು ದೊಡ್ಡ ಪೊಳ್ಳು. ಏನೂ ತುಂಬದೇ ಬಿಟ್ರೆ ಕುಸಿಯುತ್ತಲ್ಲಮ್ಮಾ."

"ಮೂಳೆ ತಾನೇ ತುಂಬ್ಕೊಳ್ಳುತ್ತೆ."

ಮಾವ ತಲೆಯಾಡಿಸಿದರು. ಒಪ್ಪಿ ಆಡಿಸಿದ್ದಲ್ಲ. ಸ್ಪಂಜು, ನಾರು, ಹತ್ತಿ, ಏನಾದರೂ ತುರುಕದೆ ತಾನಾಗಿ ತುಂಬಿಕೊಂಡ ಕುಶನ್ನನ್ನು ಅವರು ಜೀವಮಾನದಲ್ಲಿ ನೋಡಿರಲಿಲ್ಲ.

ನಳಿಗೆ ಇಟ್ಟರು. ತೊಳೆಯುವವರು ಯಾರು ಎಂಬ ಪ್ರಶ್ನೆ ಎದ್ದಿತು. ಕಿಂಡಿ ಇದ್ದದ್ದು ಎಡಗಡೆ ತೀರ ಹಿಂದೆ, ಕನ್ನಡಿ ಹಿಡಿದರೂ ಸೊಸೆಗೆ ಕಾಣುತ್ತಿರಲಿಲ್ಲ. ಗಂಡ ಧೈರ್ಯ ಮಾಡಿ ಸೂಜಿಯಿಲ್ಲದ ಸಿರಿಂಜು ಕೈಗೆತ್ತಿಕೊಂಡ. ಒಳಗಿನಿಂದ ಕೆಂಪು ನೀರು ಬಂದದ್ದನ್ನು ನೋಡಿ ಅವನು ಬೆವೆತುಹೋದ, ಸೊಸೆಯೇ ಅವನನ್ನು ಹಿಡಿದು ಕೂರಿಸಬೇಕಾಯಿತು.

"ಸರಿ, ನಾನೇ ಮಾಡ್ತೀನಿ," ಎಂದು ಅತ್ತೆ ಕೈ ತೊಳೆದು ಬಂದರು. "ಇಷ್ಟು ವರ್ಷ ಬಾಯಿ ಮುಚ್ಚೇ ಅಂತಿದ್ದೆ. ಈಗ ತೆಗಿಯೇ ಅನ್ನೋ ಹಾಗಾಯ್ತು. ತೆಗಿ."

ಮಾವ ಟಾರ್ಚು ಹಿಡಿದರು.

"ಬೆಳಕು ಅವಳ ಮೂಗಿಗೆ ಬೀಳ್ತಿದೆ ರೀ. ಕೆಳಗೆ. ಇನ್ನೂ ಕೆಳಗೆ. ಅಯ್ಯೋ, ಅದು ಕುತ್ತಿಗೆ."

ನಳಿಗೆಯ ಬಾಯಿಗೆ ಸಿರಿಂಜಿನ ತುದಿ ಹೊಂದಿಸಿ ಅತ್ತೆ ಮೆಲ್ಲಗೆ ಒತ್ತಿದರು. ನೀರು ಒಳಗೆ ಹೋಯಿತು. ಇನ್ನೂ ಹೋಯಿತು. ಸಿರಿಂಜು ಖಾಲಿಯಾಗುವವರೆಗೂ ಹೋಯಿತು. ಆಮೇಲೆ ಸಣ್ಣ ಸಣ್ಣ ಪೊರೆಯ ಚೂರುಗಳನ್ನು ಹೊತ್ತು ಹೊರಗೆ ಬಂದು ಸೊಸೆ ಹಿಡಿದಿದ್ದ ಬೇಸಿನ್ನಿಗೆ ಬಿತ್ತು. ಅತ್ತೆ ಸಿರಿಂಜನ್ನೂ ಸೊಸೆಯ ಕೆನ್ನೆಯನ್ನೂ ಒಂದಾದ ಮೇಲೊಂದು ನೋಡಿದರು. ಇಷ್ಟು ನೀರು ಹಿಡಿಸುವ ಜಾಗ ಒಬ್ಬ ಹೆಂಗಸಿನ ದವಡೆಯಲ್ಲಿ ಇರುವುದು ಹೇಗೆ? ಅಷ್ಟು ಪೊಳ್ಳಾದ ದವಡೆಯಲ್ಲಿ ಇವಳು ಬ್ರೆಡ್ಡು ಅಗಿಯುತ್ತಿದ್ದಳು, ದಾರ ಕಚ್ಚಿ ತುಂಡರಿಸುತ್ತಿದ್ದಳು.

ಬೆಳಗ್ಗೆ ತಿಂಡಿಯ ಮೇಲೊಮ್ಮೆ, ಊಟದ ಮೇಲೊಮ್ಮೆ, ಮಲಗುವ ಮುಂಚೆ ಒಮ್ಮೆ. ನೀರು ಕುದಿಸಿ ಆರಿಸುವುದು ಗಂಡನ ಕೆಲಸ, ಟಾರ್ಚು ಮಾವನದು. ಬಾಯಿ ತೆರೆದಿದ್ದಾಗ ಸೊಸೆ ಉತ್ತರ ಕೊಡಲಾರಳೆಂದು ಅತ್ತೆ ಮನೆಯ ತಕರಾರುಗಳನ್ನೆಲ್ಲ ಆಗಲೇ ಹೇಳಿ ಮುಗಿಸುತ್ತಿದ್ದರು. ಸೊಸೆ ಬಾಯಿ ಒರೆಸಿಕೊಂಡ ಮೇಲೆ ಒಂದೊಂದಕ್ಕೂ ಕ್ರಮವಾಗಿ ಉತ್ತರ ಕೊಡುತ್ತಿದ್ದಳು. ಮಾವ ಟಾರ್ಚು ಆರಿಸಿ ಎದ್ದು ಹೋಗುತ್ತಿದ್ದರು.

ಒಂದು ತಿಂಗಳು ಕಳೆದಿರಬೇಕು. ಊಟದ ನಡುವೆ ಸೊಸೆಯ ಬಾಯಿಗೆ ಏನೋ ಸಿಕ್ಕಿತು. ತೆಗೆದು ನೋಡಿದರೆ ನಳಿಗೆ. ಅದನ್ನು ಹಿಡಿದಿದ್ದ ಹೊಲಿಗೆ ಸಡಿಲಾಗಿ ಕಿತ್ತುಬಂದಿತ್ತು. ಅವತ್ತು ಊರೆಲ್ಲ ರಜೆ, ಮಾರನೆಯ ದಿನ ಹೋಗೋಣವೆಂದುಕೊಂಡರು. ಮಾರನೆಯ ಬೆಳಗ್ಗೆ ಅತ್ತೆ ಸಿರಿಂಜು ಹಿಡಿದರೆ ನೀರು ಒಳಗೇ ಹೋಗಲಿಲ್ಲ.

"ಬನ್ರೀ ಇಲ್ಲಿ. ಕಿಂಡಿ ಸಣ್ಣಗಾಗಿದೆ."

ಮಾವ ಟಾರ್ಚಿನೊಂದಿಗೆ ಕನ್ನಡಕವನ್ನೂ ತಂದರು. ಬಹಳ ಹೊತ್ತು ನೋಡಿದರು. ಅವರ ಮುಖ ಅರಳಿತು.

"ಎಷ್ಟು ಚೆನ್ನಾಗಿ ಕೂಡ್ಕೊಳ್ತಿದೆ ನೋಡು. ಒಂದು ಸುಕ್ಕಿಲ್ಲ. ನಾನೇ ಹೊಲಿದಿದ್ರೂ ಇಷ್ಟು ನೀಟಾಗಿ ಬರ್ತಿರಲಿಲ್ಲ."

"ಡಾಕ್ಟರಿಗೊಂದು ಫೋನ್ ಮಾಡೋಣ," ಎಂದ ಮಗ.

"ಏನಂತ ಮಾಡ್ತೀಯ? ವಾಸಿಯಾಗಿದೆ ಅಂತ್ಲಾ? ಮುಂದಿನ ತಿಂಗಳು ಹೇಗೂ ಬರೋಕೆ ಹೇಳಿದಾರಲ್ಲ," ಎಂದರು ಅತ್ತೆ.

"ಮುಚ್ಚಿದ ಹೊಲಿಗೇನ ಮತ್ತೆ ಬಿಚ್ಚಬಾರದು," ಎಂದರು ಮಾವ. ಅದು ಆ ಅಂಗಡಿಯ ನಿಯಮ. ಒಮ್ಮೆ ಅಂಚು ಕೂಡಿ ಹೊಲಿಗೆ ಮುಚ್ಚಿತೋ, ಕೆಲಸ ಮುಗಿಯಿತು. ಮತ್ತೆ ಕೆದಕಿದರೆ ಬಟ್ಟೆ ಹಾಳು. ಆ ಮನೆಯಲ್ಲಿ ಬಾಗಿಲು, ಜಗಳ, ಸೋಫಾ, ಎಲ್ಲಕ್ಕೂ ಅದೇ ನಿಯಮ ನಡೆಯುತ್ತಿತ್ತು. ಸೊಸೆಗೂ ಬೇಕಾಗಿದ್ದದ್ದು ಅದೇ. ಬೇಸಿನ್ನು ಹಿಡಿದು ಹಿಡಿದು ಅವಳಿಗೆ ಸಾಕಾಗಿತ್ತು. ಸಂಜೆ ಗಂಡ ಸುಟ್ಟ ಜೋಳದ ತೆನೆ ತಂದ. ಅವಳು ಬಲಗಡೆ ಹಲ್ಲಿನಿಂದ ಒಂದು ತೆನೆ ಪೂರ್ತಿ ತಿಂದಳು. ಅತ್ತೆ ಸಿರಿಂಜನ್ನು ತೊಳೆದು ಕಪಾಟಿನಲ್ಲಿಟ್ಟರು.

ಅದಾದ ಮೂರನೆಯ ವಾರ ಸೊಸೆ ಮಷೀನಿನ ಮುಂದೆ ಕೂತಿದ್ದವಳು ಕೆನ್ನೆಗೆ ಕೈ ಹಚ್ಚಿಕೊಂಡಳು. ಭಾರ, ಬಿಗಿತ. ರಾತ್ರಿಯ ಹೊತ್ತಿಗೆ ನೋವು, ಜ್ವರ. ಈ ಸಲ ನೋವಿತ್ತು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಹೊಸ ಎಕ್ಸ್‌ರೇಯನ್ನು ಹಳೆಯದರ ಪಕ್ಕ ಸಿಕ್ಕಿಸಿ, "ಮತ್ತೆ ತುಂಬ್ಕೊಂಡಿದೆ, ಕೀವೂ ಸೇರಿದೆ," ಎಂದರು. "ನಳಿಗೆ ಬಿದ್ದ ದಿನವೇ ಬರಬೇಕಿತ್ತು."

"ಮುಚ್ಕೊಂಡಿತಲ್ಲ ಅಂತ..." ಎಂದರು ಅತ್ತೆ.

"ಅದು ಗಾಯ ಅಲ್ಲಮ್ಮ. ನಾನು ಬೇಕೂಂತ ತೆರೆದಿಟ್ಟ ಬಾಗಿಲು. ಹೊರಗಿನ ಒಸಡು ಬೇಗ ಕೂಡುತ್ತೆ, ಒಳಗಿನ ಮೂಳೆಗೆ ಸಮಯ ಬೇಕು. ಹೊರಗೆ ಮೊದಲು ಮುಚ್ಚಿದ್ರೆ ಒಳಗೆ ಹಳೇ ಕತೆಯೇ. ಈಗ ಮತ್ತೆ ತೆರೀತೀನಿ. ಈ ಸಲವೂ ಆಗದೇ ಹೋದ್ರೆ ದವಡೆ ಮುರಿಯೋ ಅಪಾಯ ಇದ್ರೂ ಚೀಲ ತೆಗೀಬೇಕಾಗುತ್ತೆ."

ಮನೆಗೆ ಬಂದ ಮೇಲೆ ಮಗ ಜೀವನದಲ್ಲಿ ಮೊದಲ ಸಲ ದನಿಯೆತ್ತಿದ. "ಫೋನ್ ಮಾಡೋಣ ಅಂದೆ. ನಾನು ಹೇಳಿದ್ದಕ್ಕೆ ಈ ಮನೇಲಿ ಯಾವತ್ತು ಬೆಲೆ ಇದೆ? ಹೊಲಿಗೆ ಅಂತೆ, ನಿಯಮ ಅಂತೆ. ಅವಳೇನು ಸೋಫಾನಾ?"

ಮಾವ ಕೆಳಗಿಳಿದು ಅಂಗಡಿಯಲ್ಲಿ ದೀಪ ಹಾಕದೆ ಕೂತರು. ಅತ್ತೆ ಅಡುಗೆ ಮಾಡಿ ಎಲ್ಲರಿಗೂ ಬಡಿಸಿ, ತಾವು ತಟ್ಟೆ ಹಾಕಿಕೊಳ್ಳಲಿಲ್ಲ.

"ಕೂತ್ಕೊಳ್ಳಿ ಅತ್ತೆ," ಎಂದಳು ಸೊಸೆ. ಹೊಸ ನಳಿಗೆ ಒತ್ತುತ್ತಿದ್ದರಿಂದ ಮಾತು ತೊದಲುತ್ತಿತ್ತು.

"ಹಸಿವಿಲ್ಲ. ನನ್ನ ಕೈಯಾರೆ ನಿನ್ನ ದವಡೆ ಹಾಳು ಮಾಡ್ದೆ. ನಾಳೆಯಿಂದ ಒಬ್ಬ ನರ್ಸನ್ನ ಗೊತ್ತು ಮಾಡ್ಲಿ ಇವನು."

"ಜೋಳ ತಿಂದೋಳು ನಾನು. ಮುಚ್ಚಲಿ ಅಂತ ಬೇಡ್ಕೊಂಡೋಳೂ ನಾನೇ. ನಾಲ್ಕೂ ಜನ ಸೇರಿ ಮಾಡಿದ ತಪ್ಪಿಗೆ ನೀವೊಬ್ಬರೇ ಯಾಕೆ ಉಪವಾಸ?" ಸೊಸೆ ಬೇಸಿನ್ನು ತಂದು ಮಡಿಲಲ್ಲಿಟ್ಟುಕೊಂಡು ಕೂತಳು. "ನರ್ಸು ಬಂದ್ರೆ ನನಗೆ ಬಯ್ಯೋರು ಯಾರು? ಬನ್ನಿ, ತೊಳೀರಿ. ಇವತ್ತಿನದು ಬಾಕಿ ಇದೆ."

ಅತ್ತೆ ಕಪಾಟಿನಿಂದ ಸಿರಿಂಜು ತೆಗೆದಿಟ್ಟು, ಕೈ ತೊಳೆದು ಬಂದರು. ಕಣ್ಣೀರು ಒರೆಸಿಕೊಂಡದ್ದರಿಂದ ಮತ್ತೊಮ್ಮೆ ಹೋಗಿ ಕೈ ತೊಳೆದರು.

ಅಲ್ಲಿಂದ ಮುಂದೆ ಆ ಬಾಯಿಗೆ ಅತ್ತೆಯೇ ಕಾವಲು. ನಳಿಗೆ ಅಲುಗಾಡುತ್ತಿದೆ ಎಂಬ ಅನುಮಾನ ಬಂದರೆ ಸಾಕು, ಕೊಡೆ ಹಿಡಿದು ಸೊಸೆಯನ್ನು ಎಳೆದುಕೊಂಡು ಆಸ್ಪತ್ರೆಗೆ ಹೊರಡುತ್ತಿದ್ದರು. ಮಂಡಿಯ ಮಾತೇ ಬಿಟ್ಟರು. ದವಡೆ ಡಾಕ್ಟರು ಒಮ್ಮೆ, "ಇಷ್ಟು ಸಲ ಬರೋ ಅಗತ್ಯ ಇಲ್ಲ," ಎಂದರು. "ಅಗತ್ಯ ಇಲ್ಲ ಅಂತ ನೀವು ಹೇಳಬೇಕಲ್ಲ, ಅದಕ್ಕೇ ಬಂದೆ," ಎಂದರು ಅತ್ತೆ.

ವಾರಗಳು ಹೋದವು. ಸಿನಿಮಾ ಮಂದಿರದ ಸೀಟುಗಳು ಮುಗಿದು, ಒಂದು ಕಾಯುವ ಕೋಣೆಯ ಬೆಂಚುಗಳು ಬಂದವು. ಸಿರಿಂಜಿನಿಂದ ಒಳಗೆ ಹೋಗುತ್ತಿದ್ದ ನೀರು ಕಡಿಮೆಯಾಗುತ್ತಾ ಬಂತು. ಮೊದಲು ಪೂರ್ತಿ ಹೋಗುತ್ತಿದ್ದದ್ದು, ಆಮೇಲೆ ಅರ್ಧ, ಆಮೇಲೆ ಇನ್ನೂ ಕಡಿಮೆ. ಇದು ಒಳ್ಳೆಯದೋ, ಮತ್ತೆ ಮುಚ್ಚಿಕೊಳ್ಳುತ್ತಿರುವ ಲಕ್ಷಣವೋ ಅತ್ತೆಗೆ ತಿಳಿಯಲಿಲ್ಲ. ಖುಷಿಪಡಲು ಹೆದರಿ ಅವರು ಯಾರಿಗೂ ಹೇಳಲಿಲ್ಲ. ಎಕ್ಸ್‌ರೇಗೆ ಕರೆದ ದಿನ ಬೆಳಗ್ಗೆಯಿಂದ ಅವರ ಜೀವ ಬಾಯಿಗೆ ಬಂದಿತ್ತು.

ಡಾಕ್ಟರು ಮೂರು ಎಕ್ಸ್‌ರೇಗಳನ್ನೂ ಸಾಲಾಗಿ ಸಿಕ್ಕಿಸಿದರು.

ಮೂರನೆಯದರಲ್ಲಿ ಕಪ್ಪು ಇರಲಿಲ್ಲ ಎಂದಲ್ಲ. ಇತ್ತು, ದ್ರಾಕ್ಷಿಯಷ್ಟು. ಅದರ ಸುತ್ತ ಮಂಜಿನಂತೆ ಬೂದುಬಣ್ಣ ಹಬ್ಬಿತ್ತು. ಅಂಚಿನಲ್ಲಿ ದಟ್ಟ, ನಡುವಿಗೆ ಬರುತ್ತಾ ತೆಳು. ದವಡೆಯ ಕೆಳ ಅಂಚು ದಪ್ಪನೆಯ ಬಿಳಿ ಗೆರೆಯಾಗಿ ಎದ್ದು ನಿಂತಿತ್ತು. ತಳದಲ್ಲಿ ಮಲಗಿದ್ದ ಹಲ್ಲು ತಳದಲ್ಲಿರಲಿಲ್ಲ. ಅದು ಮೇಲಕ್ಕೆ ಬಂದಿತ್ತು.

"ನರದಿಂದ ದೂರ ಬಂದಿದೆ," ಎಂದರು ಡಾಕ್ಟರು. ಅವರ ಚುಟುಕು ಮಾತಿನಲ್ಲೂ ಸಂತೋಷ ಕಾಣುತ್ತಿತ್ತು. "ಈಗ ತೆಗೀಬಹುದು."

ಮಾವ ಹಲಗೆಗೆ ಮೂಗು ತಾಗುವಷ್ಟು ಹತ್ತಿರ ಹೋದರು. "ಈ ಬೂದು ಇದೆಯಲ್ಲ, ಇದು ಏನು?"

"ಮೂಳೆ. ಹೊಸದು."

"ಏನು ಹಾಕಿದ್ರಿ ಒಳಗೆ?"

"ನಾನೇನೂ ಹಾಕಿಲ್ಲ. ಇವರು ಉಪ್ಪುನೀರು ಬಿಟ್ಟರು. ಅಷ್ಟೇ."

ಮಾವ ಅತ್ತೆಯ ಕಡೆ ತಿರುಗಿದರು, ಮತ್ತೆ ಹಲಗೆಯ ಕಡೆ. "ತಾನೇ ತುಂಬ್ಕೊಂಡಿದೆ ಕಣೇ," ಎಂದರು. "ಎಷ್ಟು ಸಮ ತುಂಬ್ಕೊಂಡಿದೆ ನೋಡು. ಎಲ್ಲೂ ಗಂಟಿಲ್ಲ. ಯಾರು ಹೇಳಿಕೊಟ್ರು ಅದಕ್ಕೆ, ಎಲ್ಲಿಂದ ಎಲ್ಲಿಗೆ ತುಂಬಬೇಕು ಅಂತ?"

ಡಾಕ್ಟರೂ ಎದ್ದು ಬಂದು ಮಾವನ ಪಕ್ಕ ನಿಂತು ಎಕ್ಸ್‌ರೇ ನೋಡಿದರು. ಇಂಥವನ್ನು ಎಷ್ಟೋ ನೋಡಿದವರು, ಆದರೂ ನೋಡಿದರು. ಸೊಸೆ ಕೆನ್ನೆಯ ಮೇಲೆ ಅಂಗೈ ಇಟ್ಟುಕೊಂಡಿದ್ದಳು. ತಾನು ಹೊಲಿಯುತ್ತಿದ್ದಾಗ, ಜಗಳವಾಡುತ್ತಿದ್ದಾಗ, ನಿದ್ದೆ ಮಾಡುತ್ತಿದ್ದಾಗ ಒಳಗೆ ಈ ಕೆಲಸ ನಡೆಯುತ್ತಿತ್ತಲ್ಲ ಎಂದು ಅವಳಿಗೆ ಮೈ ಜುಮ್ಮೆಂದಿತು. ಗಂಡ ಅಳುತ್ತಿದ್ದ, ಅದನ್ನು ಮುಚ್ಚಿಡಲೂ ಇಲ್ಲ.

ಆಪರೇಷನ್ನಿನ ದಿನ ಕುಗ್ಗಿದ ಚೀಲವನ್ನು ಪೂರ್ತಿ ಬಿಡಿಸಿ, ಹಲ್ಲನ್ನೂ ತೆಗೆದು, ಒಸಡು ಹೊಲಿದರು. ದವಡೆ ಮುರಿಯಲಿಲ್ಲ. ತೆಗೆದ ಚೀಲವನ್ನು ಇನ್ನೊಮ್ಮೆ ಪರೀಕ್ಷೆಗೆ ಕಳಿಸುತ್ತೇವೆ, ಮುಂದೆಯೂ ಆಗಾಗ ಎಕ್ಸ್‌ರೇಗೆ ಬರುತ್ತಿರಬೇಕು ಎಂದರು. ಉಳಿದಿದ್ದದ್ದು ನರದ ಮಾತು. ಮರಗಟ್ಟಿಸಿದ ಮದ್ದು ಇಳಿಯುವವರೆಗೆ ಅದು ಗೊತ್ತಾಗುವುದಿಲ್ಲ.

ಮಾರನೆಯ ಬೆಳಗ್ಗೆ ವಾರ್ಡಿನಲ್ಲಿ ಸೊಸೆ ದಿಂಬಿಗೆ ಒರಗಿ ಕೂತಿದ್ದಳು. ಮುಖ ಒಂದು ಕಡೆ ಊದಿ, ಕಣ್ಣು ಸಣ್ಣಗಾಗಿತ್ತು. ಡಾಕ್ಟರು ಬಂದು ತುಟಿಯ ಸ್ಪರ್ಶ ಪರೀಕ್ಷಿಸಲು ಹತ್ತಿಯ ಚೂರು ಹುಡುಕಿದರು, ಸಿಗಲಿಲ್ಲ. ಬಾಗಿಲ ಬಳಿಯ ನಲ್ಲಿಯಲ್ಲಿ ಅತ್ತೆ ಕೈ ತೊಳೆಯುತ್ತಿದ್ದರು. ಇನ್ನು ತೊಳೆಯಲು ಏನೂ ಇರಲಿಲ್ಲ, ಆದರೂ ಸೊಸೆಯ ಹತ್ತಿರ ಹೋಗುವ ಮುಂಚೆ ಆ ಕೈಗಳಿಗೆ ಅದು ಅಭ್ಯಾಸವಾಗಿಬಿಟ್ಟಿತ್ತು.

"ನೀವೇ ಬನ್ನಿ ಅಮ್ಮ," ಎಂದರು ಡಾಕ್ಟರು. "ಅವರು ಕಣ್ಣು ಮುಚ್ಕೊಳ್ಳಲಿ. ಎಡಗಡೆ ಕೆಳತುಟೀನ ಬೆರಳಿಂದ ಮೆಲ್ಲಗೆ ಮುಟ್ಟಿ. ಮುಟ್ಟಿದ್ದು ಗೊತ್ತಾಗುತ್ತಾ ನೋಡೋಣ."

ಸೊಸೆ ಕಣ್ಣು ಮುಚ್ಚಿದಳು. ಅತ್ತೆ ಬೆರಳು ಚಾಚಿ, ಹಿಂದಕ್ಕೆಳೆದು, ಮತ್ತೆ ಚಾಚಿದರು. ಇಷ್ಟು ತಿಂಗಳು ಆ ಬಾಯಿಯೊಳಗೆ ಓಡಾಡಿದ ಕೈ ಈಗ ತುಟಿ ಮುಟ್ಟಲು ಹೆದರಿತು. ಕೊನೆಗೆ ಮುಟ್ಟಿದರು.

ಸೊಸೆ ಏನೂ ಹೇಳಲಿಲ್ಲ. ಗಂಡ ಮಂಚದ ಕಂಬಿ ಹಿಡಿದುಕೊಂಡ. ಮಾವ ನೆಲ ನೋಡಿದರು.

"ಅತ್ತೆ," ಎಂದಳು ಸೊಸೆ ಕಣ್ಣು ತೆರೆಯದೆ, ಊದಿದ ಬಾಯಿಂದ ಕಷ್ಟಪಟ್ಟು. "ಕೈ ಒರೆಸ್ಕೊಂಡು ಬರಬಾರದಾ? ತಣ್ಣಗೆ ಒದ್ದೆ ಒದ್ದೆ ಇದೆ."

ಅತ್ತೆ ಕೈಯನ್ನು ತಮ್ಮ ಬಟ್ಟೆಗೆ ಒರೆಸಿ, ಎರಡೂ ಅಂಗೈ ಉಜ್ಜಿ, ಅದೇ ಜಾಗವನ್ನು ಮತ್ತೆ ಮುಟ್ಟಿದರು.

"ಈಗ?"

"ಈಗ ಬೆಚ್ಚಗಿದೆ."